ಒಳಗಿನದು ಸೊನ್ನೆಯಿಂದ ಹೊರಡಲಿ: ಸಂಯುಕ್ತ ಫಲನಗಳ ಘಾತಶ್ರೇಣಿಯನ್ನು ಕುರಿತು



ಬೆಳಗಾವಿಯಲ್ಲಿ ಕೇಂದ್ರ ಕಚೇರಿಯಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹಳೆಯ ಗಣಿತ ಪ್ರಶ್ನೆಪತ್ರಿಕೆಗಳನ್ನು ತಿರುವಿದರೆ ಕೆಲವು ಪ್ರಶ್ನೆಗಳು ಹಳೆಯ ಪರಿಚಿತರಂತೆ ಎದುರಾಗುತ್ತವೆ. ಸೈನ್ ಫಲನವನ್ನು ಘಾತೀಯ ಫಲನದೊಳಗೆ ಇಟ್ಟು ಅದರ ಶ್ರೇಣಿಯನ್ನು ನಾಲ್ಕನೆಯ ಘಾತದವರೆಗೆ ಬರೆಯಿರಿ ಎಂಬುದು ಒಂದು. ಒಂದಕ್ಕೆ ಘಾತೀಯ ಫಲನವನ್ನು ಕೂಡಿಸಿ ಅದರ ಲಾಗ್ ತೆಗೆದು ವಿಸ್ತರಿಸಿರಿ ಎಂಬುದು ಇನ್ನೊಂದು. ಬಿ.ಎಸ್ಸಿ. ಕಲನಶಾಸ್ತ್ರ ಓದುವವರಿಗೂ ಇವು ಹೊಸವಲ್ಲ. ಉತ್ತರಪತ್ರಿಕೆಯಲ್ಲಿ ಬರುವ ಕ್ರಮವೂ ಬಹುಮಟ್ಟಿಗೆ ಒಂದೇ: ಫಲನವನ್ನು ನಾಲ್ಕು ಸಲ ಅವಕಲನ ಮಾಡು, ಪ್ರತಿ ಸಲವೂ ಸೊನ್ನೆ ಹಾಕಿ ಬೆಲೆ ತೆಗೆ, ಮೆಕ್ಲಾರಿನ್ ಸೂತ್ರದಲ್ಲಿ ತುಂಬು. ಕ್ರಮದಲ್ಲಿ ತಪ್ಪೇನೂ ಇಲ್ಲ. ಆದರೆ ಇಂಥ ಫಲನ ಎರಡು ಫಲನಗಳಿಂದ ಕಟ್ಟಿದ್ದು, ಒಂದರ ಫಲ ಇನ್ನೊಂದರ ಒಳಕ್ಕೆ ಹೋಗುತ್ತದೆ ಎಂಬ ಮುಖ್ಯ ಸಂಗತಿಯೇ ಈ ಕ್ರಮದಲ್ಲಿ ಮರೆಯಾಗುತ್ತದೆ. ಆ ಕಟ್ಟಡವನ್ನು ಕಣ್ಣೆದುರು ಇಟ್ಟುಕೊಂಡರೆ ಕೆಲಸ ಹಗುರಾಗುವುದಷ್ಟೇ ಅಲ್ಲ, ಶ್ರೇಣಿ ಎಲ್ಲಿಯವರೆಗೆ ನಂಬಿಕೆಗೆ ಅರ್ಹ, ಯಾವ ಪದವನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದೂ ಗೊತ್ತಾಗುತ್ತದೆ. ಇಂದಿನ ನನ್ನ ವಾದ ಇಷ್ಟೇ: ಸಂಯುಕ್ತ ಫಲನವನ್ನು ವಿಸ್ತರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಅವಕಲನದ್ದಲ್ಲ, ಒಳಗಿನ ಫಲನ ಸೊನ್ನೆಯಿಂದ ಹೊರಡುತ್ತದೆಯೇ, ಹೊರಡದಿದ್ದರೆ ಹೊರಡುವಂತೆ ಮಾಡುವುದು ಹೇಗೆ ಎಂಬುದು.

ಸಂಕೇತಗಳ ಬಗ್ಗೆ ಒಂದು ಮಾತು. ಬದಲಾಗುವ ರಾಶಿಯನ್ನು ‘ಯ’ ಎಂದು ಬರೆಯುತ್ತೇನೆ. ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಅಜ್ಞಾತಕ್ಕಿದ್ದ ‘ಯಾವತ್ತಾವತ್’ ಎಂಬ ಹೆಸರಿನ ಮೊದಲಕ್ಷರ ಅದು. ಒಳ ಫಲನಕ್ಕೆ ‘ಉ’ ಎನ್ನೋಣ. ಘಾ(ಯ) ಎಂದರೆ 2.718… ಎಂಬ ಸಂಖ್ಯೆಯನ್ನು ಯ ಘಾತಕ್ಕೆ ಏರಿಸಿದ್ದು. ಅದರ ಶ್ರೇಣಿ 1 + ಯ + ಯ²/2 + ಯ³/6 + ಯ⁴/24 + …. ಕನ್ನಡ ಅಕ್ಷರಗಳಲ್ಲಿ ಗಣಿತ ಬರೆದರೆ ಹುಬ್ಬೇರಿಸುವವರಿದ್ದಾರೆ. ಆದರೆ ಇದು ಹೊಸದೇನಲ್ಲ: ರಾಯಬಾಗವೇ ಹಿಂದಿನ ಪೂವಿನಬಾಗೆ ಎಂದು ವಿದ್ವಾಂಸರು ಗುರುತಿಸುತ್ತಾರೆ. ಆ ಊರಿನ ರಾಜಾದಿತ್ಯ 12ನೇ ಶತಮಾನದಲ್ಲಿಯೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿ ಬರೆದಿಟ್ಟ. ಆದ್ದರಿಂದ ಕ್ಷಮೆ ಕೇಳುವ ಅಗತ್ಯ ನನಗೆ ಕಾಣುವುದಿಲ್ಲ.

ಈಗ ವಿಷಯಕ್ಕೆ ಬರೋಣ. ಹೊರ ಫಲನಕ್ಕೆ ಉ, ಉ², ಉ³ಗಳಲ್ಲಿ ಒಂದು ಶ್ರೇಣಿ ಗೊತ್ತಿದೆ. ಒಳ ಫಲನ ಉ ಎಂಬುದು ಯ, ಯ², ಯ³ಗಳ ಶ್ರೇಣಿ. ಅದರಲ್ಲಿ ಸ್ಥಿರ ಪದ ಇಲ್ಲ, ಅಂದರೆ ಯ ಸೊನ್ನೆಯಾದಾಗ ಉ ಕೂಡ ಸೊನ್ನೆ. ಹಾಗಿದ್ದರೆ ಉ²ದಲ್ಲಿ ಅತಿ ಸಣ್ಣ ಘಾತ ಯ²ಕ್ಕಿಂತ ಕೆಳಗಿಳಿಯದು, ಉ³ದಲ್ಲಿ ಯ³ಕ್ಕಿಂತ ಕೆಳಗಿಳಿಯದು. ನಾಲ್ಕನೆಯ ಘಾತದವರೆಗಿನ ಉತ್ತರ ಬೇಕಿದ್ದರೆ ಉ⁴ದ ಆಚೆಗೆ ನೋಡುವ ಅಗತ್ಯವೇ ಬೀಳುವುದಿಲ್ಲ. ಅನಂತ ಶ್ರೇಣಿಯೊಳಗೆ ಅನಂತ ಶ್ರೇಣಿಯನ್ನು ಇಟ್ಟಿದ್ದೇವೆ, ಆದರೂ ಪ್ರತಿಯೊಂದು ಸಹಗುಣಕ ಬರುವುದು ಲೆಕ್ಕಕ್ಕೆ ಸಿಗುವಷ್ಟೇ ಪದಗಳಿಂದ. ಸೈನ್‌ನ ಉದಾಹರಣೆಯಲ್ಲಿ ಉ = ಯ − ಯ³/6 + …; ಉ² = ಯ² − ಯ⁴/3 + …; ಉ³, ಉ⁴ಗಳಿಂದ ನಮಗೆ ಬೇಕಾದದ್ದು ಯ³ ಮತ್ತು ಯ⁴ ಮಾತ್ರ. ಘಾ(ಉ) ಶ್ರೇಣಿಯಲ್ಲಿ ಇವನ್ನು ಇಟ್ಟು ಕೂಡಿಸಿದರೆ 1 + ಯ + ಯ²/2 − ಯ⁴/8 + … ಎಂದು ಬರುತ್ತದೆ. ಮೂರನೆಯ ಘಾತ ಮಾಯವಾಗಿದೆ! ಸೈನ್‌ನ ಒಳಗಿಂದ ಬಂದ −1/6 ಮತ್ತು ಹೊರಗಿನ ಘನಪದದಿಂದ ಬಂದ +1/6 ಒಂದನ್ನೊಂದು ಅಳಿಸಿವೆ. ಅವಕಲನದ ದಾರಿಯಲ್ಲಿ ಹೋದವನಿಗೆ ಮೂರನೆಯ ಅವಕಲನ ಸೊನ್ನೆಯೆಂದು ಸಿಕ್ಕುತ್ತದೆ, ಯಾಕೆ ಸೊನ್ನೆ ಎಂಬುದು ಮಾತ್ರ ಸಿಕ್ಕುವುದಿಲ್ಲ. ಇನ್ನು ‘ಯ ಸಣ್ಣದಾದರೆ ಸೈನ್ ಎಂದರೆ ಯ ತಾನೇ’ ಎಂದು ಅವಸರದಲ್ಲಿ ಒಳಗಿನದನ್ನು ಮೊದಲ ಪದಕ್ಕೇ ಕತ್ತರಿಸಿದವನಿಗೆ ಬರೀ ಘಾ(ಯ) ಸಿಕ್ಕಿ ಮೂರನೆಯ ಘಾತದಿಂದಲೇ ಉತ್ತರ ಕೆಡುತ್ತದೆ. ಕತ್ತರಿಸುವುದಿದ್ದರೆ ಒಳಗೂ ಹೊರಗೂ ಒಂದೇ ಘಾತದವರೆಗೆ ಕತ್ತರಿಸಬೇಕು. ಪರೀಕ್ಷೆಗಳಲ್ಲಿ ನಡೆಯುವ ತಪ್ಪುಗಳಲ್ಲಿ ದೊಡ್ಡ ಪಾಲು ಈ ಒಂದು ನಿಯಮ ಮೀರಿದ್ದರಿಂದ ಎಂಬುದು ನನ್ನ ಅಭಿಪ್ರಾಯ.

ಕೆಲವೊಮ್ಮೆ ಒಳಗಣ್ಣಿಗೆ ಶ್ರೇಣಿಯೂ ಬೇಕಾಗುವುದಿಲ್ಲ. 1 + ಸೈನ್ 2ಯ ಎಂಬುದರ ವರ್ಗಮೂಲವನ್ನು ವಿಸ್ತರಿಸಿ ಎಂದು ಕೇಳುತ್ತಾರೆ. 1 ಎಂಬುದನ್ನು ಸೈನ್, ಕಾಸ್‌ಗಳ ವರ್ಗಗಳ ಮೊತ್ತವಾಗಿ ಬರೆದರೆ ಒಳಗಿರುವುದು ಪೂರ್ಣವರ್ಗ. ಉತ್ತರ ಸೈನ್ ಯ + ಕಾಸ್ ಯ. ಎರಡು ಪರಿಚಿತ ಶ್ರೇಣಿಗಳನ್ನು ಕೂಡಿಸಿದರೆ ಮುಗಿಯಿತು.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಲಾಗ್(1 + ಘಾ(ಯ)) ಎಂಬಲ್ಲಿ. ಲಾಗ್(1 + ಉ) = ಉ − ಉ²/2 + ಉ³/3 − … ಎಂಬ ಶ್ರೇಣಿ ಎಲ್ಲರಿಗೂ ಬಾಯಿಪಾಠ. ಉ ಇರುವ ಜಾಗಕ್ಕೆ ಘಾ(ಯ) ಹಾಕಿಬಿಡುವ ಆಸೆ ಸಹಜ. ಹಾಕಿ ನೋಡೋಣ. ಸ್ಥಿರ ಪದ 1 − 1/2 + 1/3 − 1/4 + … ಎಂದು ಬರುತ್ತದೆ. ಅದು ಲಾಗ್ 2, ನಿಜವಾದ ಉತ್ತರವೇ, ತೆವಳುತ್ತ ಅಭಿಸರಿಸುತ್ತದೆ ಅಷ್ಟೇ. ಆದರೆ ಯ ಎಂಬುದರ ಸಹಗುಣಕ 1 − 1 + 1 − 1 + …, ಯ² ಎಂಬುದರ ಸಹಗುಣಕ 1 − 2 + 3 − 4 + … ಇದರ ಅರ್ಧ. ಎರಡಕ್ಕೂ ಮೊತ್ತವೆಂಬುದೇ ಇಲ್ಲ. ಒಳಗಿನ ಫಲನ ಸೊನ್ನೆಯಿಂದ ಹೊರಡದೆ 1ರಿಂದ ಹೊರಟಿದ್ದಕ್ಕೆ ತೆತ್ತ ದಂಡ ಇದು: ಪ್ರತಿ ಸಹಗುಣಕಕ್ಕೂ ಹೊರ ಶ್ರೇಣಿಯ ಎಲ್ಲ ಪದಗಳೂ ಪಾಲು ಕೇಳುತ್ತವೆ. ಸರಿಯಾದ ಕ್ರಮ ಹೀಗೆ. 1 + ಘಾ(ಯ) ಎಂಬುದನ್ನು 2(1 + ಉ) ಎಂದು ಬರೆಯೋಣ; ಆಗ ಉ = ಯ/2 + ಯ²/4 + ಯ³/12 + ಯ⁴/48 + …, ಸೊನ್ನೆಯಿಂದಲೇ ಹೊರಡುತ್ತದೆ. ಲಾಗ್ 2ನ್ನು ಹೊರಗೆ ತೆಗೆದು ಉಳಿದದ್ದನ್ನು ವಿಸ್ತರಿಸಿದರೆ ಲಾಗ್ 2 + ಯ/2 + ಯ²/8 − ಯ⁴/192 + …. ಇಲ್ಲಿಯೂ ಘನಪದ ಇಲ್ಲ. ಕಾರಣ ಫಲನದ ಮೈಕಟ್ಟಿನಲ್ಲೇ ಇದೆ: ಯ ಹಾಕಿ ಬಂದದ್ದರಿಂದ −ಯ ಹಾಕಿ ಬಂದದ್ದನ್ನು ಕಳೆದರೆ ಉಳಿಯುವುದು ಬರೀ ಯ, ಆದ್ದರಿಂದ ಯ/2 ಬಿಟ್ಟರೆ ಬೇರೆ ಯಾವ ಬೆಸ ಘಾತಕ್ಕೂ ಇಲ್ಲಿ ಜಾಗವಿಲ್ಲ. ಕುತೂಹಲದ ಒಂದು ಸಂಗತಿ ಉಂಟು. 1 − 1 + 1 − … ಎಂಬುದಕ್ಕೆ ಆಯ್ಲರ್‌ನಂಥವರು 1/2 ಎಂಬ ಬೆಲೆ ಕೊಡುತ್ತಿದ್ದರು, 1 − 2 + 3 − … ಎಂಬುದಕ್ಕೆ 1/4. ಆ ಬೆಲೆ ಹಿಡಿದರೆ ತಪ್ಪು ದಾರಿಯಲ್ಲಿ ಸಿಕ್ಕ ಸಹಗುಣಕಗಳೂ 1/2, 1/8 ಎಂದೇ ಆಗುತ್ತವೆ! ಇದು ಬರೀ ಆಕಸ್ಮಿಕವಲ್ಲ, ಆಬೆಲ್‌ನ ಹೆಸರಿನ ಸಂಕಲನ ವಿಧಾನ ಅದಕ್ಕೆ ನೆಲೆ ಒದಗಿಸುತ್ತದೆ. ಆದರೂ ಮೊದಲ ವರ್ಷದ ವಿದ್ಯಾರ್ಥಿ ಅದನ್ನು ನೆಚ್ಚಿಕೊಂಡು ಉತ್ತರ ಬರೆಯಬಾರದು. ನೆಲೆ ತೋರಿಸುವ ಹೊಣೆ ಬರೆದವನದು.

ಇದೆಲ್ಲ ಕಾಗದದ ಮೇಲಿನ ಕಸರತ್ತು ಎನ್ನುವವರನ್ನು ಘಟಪ್ರಭೆಯ ದಂಡೆಗೆ ಕರೆಯುತ್ತೇನೆ. ಗೋಕಾಕ ಜಲಪಾತದ ಮೇಲಿನ ತೂಗುಸೇತುವೆಯ ಉದ್ದ ಸುಮಾರು 201 ಮೀಟರ್. ಅಂಥ ಸೇತುವೆಯ ಹಗ್ಗ ಎರಡು ತುದಿಗಳ ನಡುವೆ ತಗ್ಗಾಗಿ ಇಳಿದು ಏರುತ್ತದೆ. ಭಾರ ಅಡ್ಡಲಾಗಿ ಸಮನಾಗಿ ಹರಡಿದ್ದರೆ ಅದರ ಆಕಾರ ಪರವಲಯ. ತುದಿಗಳ ಅಂತರ 201 ಮೀಟರ್, ನಡುವಿನ ತಗ್ಗು 10 ಮೀಟರ್ ಎಂದು ಲೆಕ್ಕಕ್ಕಾಗಿ ಊಹಿಸಿಕೊಳ್ಳೋಣ. ಹಗ್ಗ ಎಷ್ಟು ಉದ್ದ ಬೇಕು? ಕಲನಶಾಸ್ತ್ರ ಹೇಳುವುದು: ಪ್ರತಿ ಬಿಂದುವಿನಲ್ಲಿ ಇಳಿಜಾರಿನ ವರ್ಗಕ್ಕೆ 1 ಕೂಡಿಸಿ, ವರ್ಗಮೂಲ ತೆಗೆದು, ಉದ್ದಕ್ಕೂ ಅನುಕಲನ ಮಾಡು. ವರ್ಗಮೂಲ ಹೊರ ಫಲನ, ಇಳಿಜಾರಿನ ವರ್ಗ ಒಳ ಫಲನ. ನಡುಬಿಂದುವಿನಿಂದ ಅಳೆದರೆ ಒಳಗಿನದು ಸೊನ್ನೆಯಿಂದಲೇ ಹೊರಡುತ್ತದೆ. ವರ್ಗಮೂಲದ ದ್ವಿಪದ ಶ್ರೇಣಿ 1 + ಉ/2 − ಉ²/8 + ಉ³/16 − … ಎಂಬುದನ್ನು ಹಾಕಿ ಪದಪದವಾಗಿ ಅನುಕಲಿಸಿದರೆ, ತಗ್ಗನ್ನು ಅಂತರದಿಂದ ಭಾಗಿಸಿ ಬಂದದ್ದನ್ನು ‘ನ’ ಎಂದಿಟ್ಟುಕೊಂಡಾಗ, ಹಗ್ಗದ ಉದ್ದ ಎಂದರೆ ಅಂತರವನ್ನು 1 + (8/3)ನ² − (32/5)ನ⁴ + (256/7)ನ⁶ − … ಎಂಬುದರಿಂದ ಗುಣಿಸಿದ್ದು. ನಮ್ಮ ಸಂಖ್ಯೆಗಳಲ್ಲಿ ಎರಡನೆಯ ಪದ 1.327 ಮೀಟರ್, ಮೂರನೆಯದು ಸುಮಾರು 8 ಮಿಲಿಮೀಟರ್, ನಾಲ್ಕನೆಯದು ಒಂದು ಮಿಲಿಮೀಟರಿನ ಹತ್ತನೇ ಒಂದರಷ್ಟು. ಒಟ್ಟು 202.319 ಮೀಟರ್. ಹಗ್ಗ ಕೊಳ್ಳುವವನಿಗೆ ಎರಡು ಪದ ಸಾಕು. ಕೊಂಡಿ ಜೋಡಿಸುವವನಿಗೆ ಮೂರನೆಯದೂ ಬೇಕು. ನಾಲ್ಕನೆಯದು ಗಣಿತಜ್ಞನ ಸಮಾಧಾನಕ್ಕೆ. ಇದೇ ವರ್ಗಮೂಲವನ್ನು ಆರು ಸಲ ಅವಕಲನ ಮಾಡಲು ಕೂತರೆ ಪುಟ ತುಂಬುತ್ತದೆ, ಅರ್ಧಕ್ಕರ್ಧ ಪದಗಳು ಕೊನೆಗೆ ಸೊನ್ನೆಯಾಗುತ್ತವೆ.

ಇದೇ ಜಲಪಾತ ಇನ್ನೊಂದು, ತುಸು ಕಠಿಣವಾದ ಪಾಠವನ್ನೂ ಕೊಡುತ್ತದೆ. ನದಿ ಇಲ್ಲಿ ಸುಮಾರು 52 ಮೀಟರ್ ಧುಮುಕುತ್ತದೆ. ಗಾಳಿಯ ತಡೆ ಇಲ್ಲದಿದ್ದರೆ ಮೇಲಿಂದ ಬಿದ್ದ ಕಲ್ಲು ಕೆಳಗೆ ಸೆಕೆಂಡಿಗೆ ಸುಮಾರು 31.9 ಮೀಟರ್ ವೇಗದಲ್ಲಿ ತಲುಪುತ್ತದೆ. ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆಂದು ಹಿಡಿದರೆ, ವೇಗದ ವರ್ಗ ಎಂಬುದು ಗರಿಷ್ಠ ವೇಗದ ವರ್ಗವನ್ನು 1 − ಘಾ(−ಜ) ಎಂಬುದರಿಂದ ಗುಣಿಸಿದ್ದು. ಇಲ್ಲಿ ‘ಜ’ ಎಂದರೆ ತಡೆಯಿಲ್ಲದ ವೇಗದ ವರ್ಗವನ್ನು ಗರಿಷ್ಠ ವೇಗದ ವರ್ಗದಿಂದ ಭಾಗಿಸಿದ್ದು. ವೇಗ ಬೇಕಾದರೆ ಇದರ ವರ್ಗಮೂಲ ತೆಗೆಯಬೇಕು. ಒಳಗಿನದು ಸೊನ್ನೆಯಿಂದ ಹೊರಡುತ್ತದೆ, ನಿಜ. ಆದರೆ ಬರೀ ವರ್ಗಮೂಲಕ್ಕೆ ಸೊನ್ನೆಯಲ್ಲಿ ಘಾತಶ್ರೇಣಿಯೇ ಇಲ್ಲ. ನಾನು ಹೇಳಿದ ನಿಯಮ ಇಲ್ಲಿ ಮುರಿದುಬಿತ್ತು ಎಂದು ಯಾರಾದರೂ ಎದ್ದು ನಿಂತರೆ ಅದು ನ್ಯಾಯವಾದ ಆಕ್ಷೇಪ. ಹೊರಗಿನದಕ್ಕೂ ಆ ಬಿಂದುವಿನಲ್ಲಿ ಶ್ರೇಣಿ ಇರಬೇಕು ಎಂಬುದು ನಿಯಮದ ಇನ್ನೊಂದು ಅರ್ಧ. ತೊಡಕು ಮಾಡುವ ಭಾಗವನ್ನು ಮೊದಲೇ ಹೊರಗೆ ತೆಗೆಯುವುದು ದಾರಿ. 1 − ಘಾ(−ಜ) ಎಂಬುದು ಜ ಗುಣಿಸು 1 − ಜ/2 + ಜ²/6 − …. ಜ ಎಂಬುದರ ವರ್ಗಮೂಲ ಹೊರಬಂದು ತಡೆಯಿಲ್ಲದ ವೇಗದೊಡನೆ ಸೇರಿಕೊಳ್ಳುತ್ತದೆ. ಉಳಿದದ್ದು 1ರಿಂದ ಹೊರಡುವುದರಿಂದ ವರ್ಗಮೂಲದ ಶ್ರೇಣಿ ಸಲೀಸಾಗಿ ಹರಿಯುತ್ತದೆ: 1 − ಜ/4 + 5ಜ²/96 − ಜ³/128 + …. ಗರಿಷ್ಠ ವೇಗ ಸೆಕೆಂಡಿಗೆ 60 ಮೀಟರ್ ಎಂದು ಊಹಿಸಿದರೆ ಜ ಸುಮಾರು 0.283. ಮೊದಲ ತಿದ್ದುಪಡಿಯಿಂದ ವೇಗ 29.67, ಎರಡನೆಯದರಿಂದ 29.80, ಮೂರನೆಯದರಿಂದ 29.79, ಸೂತ್ರದಿಂದ ನೇರವಾಗಿ ತೆಗೆದರೂ 29.79. ಮೂರೇ ಹೆಜ್ಜೆಗೆ ಗುರಿ ಮುಟ್ಟಿತು.

ಇದೇ ನದಿಯ ಇನ್ನೊಂದು ಉದಾಹರಣೆ ನೋಡಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಹೊರಟ ನೀರು ಧುಪದಾಳದ ಒಡ್ಡಿಗೆ ಬಂದು, ಅಲ್ಲಿಂದ ಒಂದು ಪಾಲು ಎಡದಂಡೆ ಕಾಲುವೆಗೆ ತಿರುಗುತ್ತದೆ. ಒಡ್ಡಿನ ಮೇಲೆ ಹರಿಯುವ ನೀರಿನ ಪ್ರಮಾಣ ಅಂಚಿನ ಮೇಲಿನ ಮಟ್ಟದ ಒಂದೂವರೆ ಘಾತಕ್ಕೆ ತಕ್ಕಂತೆ ಏರುತ್ತದೆ ಎಂಬುದು ನೀರಾವರಿ ಎಂಜಿನಿಯರರ ನಿತ್ಯದ ಸೂತ್ರ. ಮಟ್ಟ ಸ್ಥಿರವಾಗಿರದೆ ಸರಾಸರಿಯ ಸುತ್ತ ಸೈನ್ ರೇಖೆಯಂತೆ ಏರಿಳಿಯುತ್ತಿದೆ ಎನ್ನಿ. ದಿನದ ಸರಾಸರಿ ಮಟ್ಟವನ್ನು ಸೂತ್ರಕ್ಕೆ ಹಾಕಿದರೆ ಸರಾಸರಿ ಹರಿವು ಸಿಗುತ್ತದೆಯೇ? ಸಿಗುವುದಿಲ್ಲ. ಒಂದೂವರೆ ಘಾತದ ಶ್ರೇಣಿ 1 + 3ಉ/2 + 3ಉ²/8 − ಉ³/16 + …; ಉ ಏರಿಳಿಯುವಾಗ ಬೆಸ ಘಾತಗಳ ಸರಾಸರಿ ಸೊನ್ನೆ, ಉಳಿಯುವುದು ಉ² ಪದ. ಏರಿಳಿತ ಮಟ್ಟದ ಶೇ. 20ರಷ್ಟಿದ್ದರೆ ನಿಜವಾದ ಹರಿವು ಲೆಕ್ಕದ ಹರಿವಿಗಿಂತ ಸುಮಾರು ಶೇ. 0.75 ಹೆಚ್ಚು. ಇಲ್ಲಿ ದೊಡ್ಡದಾಗಿ ಕಾಣುವ ಮೊದಲ ಪದ ಏನನ್ನೂ ಹೇಳುವುದಿಲ್ಲ; ಮಾತಾಡುವುದು ಎರಡನೆಯದು.

ಈಗ ಆಕ್ಷೇಪಗಳು. ಮೊದಲನೆಯದು ಶುದ್ಧ ಗಣಿತದವರದು: ಅನಂತ ಪದಗಳನ್ನು ನಿಮ್ಮಿಷ್ಟದಂತೆ ಹಿಂದೆಮುಂದೆ ಜೋಡಿಸಲು ಅಧಿಕಾರ ಕೊಟ್ಟವರು ಯಾರು? ಕೊಟ್ಟದ್ದು ನಿರಪೇಕ್ಷ ಅಭಿಸರಣ. ಒಳ ಶ್ರೇಣಿಯ ಎಲ್ಲ ಪದಗಳನ್ನೂ ಧನವಾಗಿಸಿ ಕೂಡಿಸಿದ ಮೊತ್ತ ಹೊರ ಶ್ರೇಣಿಯ ಅಭಿಸರಣ ತ್ರಿಜ್ಯದೊಳಗಿದ್ದರೆ ಜೋಡಣೆ ಹೇಗೆ ಬದಲಿಸಿದರೂ ಮೊತ್ತ ಬದಲಾಗುವುದಿಲ್ಲ. ಲಾಗ್ ಉದಾಹರಣೆಯಲ್ಲಿ ಈ ಷರತ್ತು ಯ ಎಂಬುದು ಲಾಗ್ 3, ಅಂದರೆ ಸುಮಾರು 1.1 ದಾಟಬಾರದು ಎನ್ನುತ್ತದೆ. ಆ ಶ್ರೇಣಿಯ ನಿಜವಾದ ಅಭಿಸರಣ ತ್ರಿಜ್ಯ ಪೈ, 3.14. ಷರತ್ತು ಅತಿ ಎಚ್ಚರದ್ದು, ಅದರಿಂದ ನಷ್ಟವಿಲ್ಲ. ಸಣ್ಣ ವ್ಯಾಪ್ತಿಯಲ್ಲಿ ಸಹಗುಣಕಗಳು ಒಮ್ಮೆ ಸಿಕ್ಕಿದರೆ, ಒಂದು ಫಲನಕ್ಕೆ ಒಂದು ಬಿಂದುವಿನಲ್ಲಿ ಒಂದೇ ಘಾತಶ್ರೇಣಿ ಎಂಬ ಪ್ರಮೇಯದಿಂದ ದೊಡ್ಡ ವ್ಯಾಪ್ತಿಗೂ ಅವೇ ಸಲ್ಲುತ್ತವೆ. ತೂಗುಸೇತುವೆಯಲ್ಲಿ ಇದೇ ಮಾತು ತಗ್ಗು ಅಂತರದ ಕಾಲು ಭಾಗ, ಅಂದರೆ ಸುಮಾರು 50 ಮೀಟರ್ ಮೀರಬಾರದು ಎಂಬ ಎಚ್ಚರಿಕೆಯಾಗಿ ಬರುತ್ತದೆ. ಷರತ್ತು ಮರೆತರೆ ಏನಾಗುತ್ತದೆ ಎಂಬುದಕ್ಕೆ ಕೋಶಿ ಕೊಟ್ಟ ಉದಾಹರಣೆ ಪ್ರಸಿದ್ಧ: ಘಾ(ಉ)ದಲ್ಲಿ ಉ = −1/ಯ² ಎಂದು ಇಟ್ಟು, ಸೊನ್ನೆಯಲ್ಲಿ ಬೆಲೆ ಸೊನ್ನೆ ಎಂದು ಹೇಳಿದರೆ ಸೊನ್ನೆಯಲ್ಲಿ ಎಲ್ಲ ಅವಕಲನಗಳೂ ಸೊನ್ನೆ, ಫಲನ ಮಾತ್ರ ಬೇರೆಲ್ಲೂ ಸೊನ್ನೆಯಲ್ಲ. ಅವಕಲನದ ದಾರಿಯಲ್ಲಿ ನಡೆದವನಿಗೆ ಇಲ್ಲಿ ಶ್ರೇಣಿ ಸಿಕ್ಕಂತೆಯೇ ತೋರುತ್ತದೆ. ಒಳಗಿನದನ್ನು ಮೊದಲು ವಿಚಾರಿಸಿದವನು ಬಾಗಿಲಲ್ಲೇ ನಿಲ್ಲುತ್ತಾನೆ, ಏಕೆಂದರೆ −1/ಯ² ಎಂಬುದಕ್ಕೆ ಸೊನ್ನೆಯಲ್ಲಿ ಬೆಲೆಯೇ ಇಲ್ಲ.

ಎರಡನೆಯ ಆಕ್ಷೇಪ: ಸಂಯುಕ್ತ ಫಲನದ ಎಷ್ಟನೆಯ ಅವಕಲನಕ್ಕಾದರೂ ಸೂತ್ರವೇ ಇದೆಯಲ್ಲ? ಇದೆ. ಇಟಲಿಯ ಫಾ ದಿ ಬ್ರೂನೊ 1855ರಲ್ಲಿ ಪ್ರಕಟಿಸಿದ್ದರಿಂದ ಅವನ ಹೆಸರು ನಿಂತಿದೆ. 1800ರಲ್ಲೇ ಫ್ರಾನ್ಸಿನ ಆರ್ಬೊಗಾಸ್ಟ್ ಅದನ್ನು ಹೇಳಿದ್ದ. ಸೂತ್ರದ ಪದಗಳ ಸಂಖ್ಯೆ ಎಂದರೆ ಅವಕಲನದ ಕ್ರಮಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಒಡೆದು ಕೂಡಿಸಬಹುದೋ ಅಷ್ಟು: ಆರನೆಯ ಅವಕಲನಕ್ಕೆ 11, ಹತ್ತನೆಯದಕ್ಕೆ 42. ಅವು ಶ್ರೇಣಿ ಇಟ್ಟು ಗುಣಿಸುವಾಗ ತಾವಾಗಿಯೇ ಬರುವ ಪದಗಳೇ, ಬೇರೆಯಲ್ಲ. ಒಂದನ್ನು ಮಾತ್ರ ಒಪ್ಪಬೇಕು. ಹತ್ತು ಹದಿನೈದು ಪದ ಬೇಕಾದಾಗ ನೇರ ಇಡುವಿಕೆಗಿಂತ ಒಳ್ಳೆಯ ದಾರಿ ಇದೆ. ಘಾ(ಉ) ಎಂಬುದರ ಅವಕಲನ ಅದನ್ನೇ ಉ ಅವಕಲನದಿಂದ ಗುಣಿಸಿದ್ದು. ಎರಡೂ ಬದಿಯ ಶ್ರೇಣಿಗಳನ್ನು ಸರಿದೂಗಿಸಿದರೆ ಪ್ರತಿ ಹೊಸ ಸಹಗುಣಕವೂ ಹಿಂದಿನವುಗಳಿಂದ ಸಿಗುತ್ತದೆ. ಲಾಗ್‌ಗೆ, ಯಾವುದೇ ಘಾತಕ್ಕೆ ಇದೇ ತಂತ್ರ ಸಲ್ಲುತ್ತದೆ. ಅವಕಲನ ಇಲ್ಲಿ ಒಮ್ಮೆ ಮಾತ್ರ, ಅದೂ ಸೊನ್ನೆ ಹಾಕಿ ಬೆಲೆ ತೆಗೆಯಲಿಕ್ಕಲ್ಲ.

ಮೂರನೆಯದು ಇಂದಿನ ಕಾಲದ ಮಾತು: ಕಂಪ್ಯೂಟರ್ ಇರುವಾಗ ಇದೆಲ್ಲ ಏಕೆ? ಯಂತ್ರ 202.319 ಎಂಬ ಸಂಖ್ಯೆಯನ್ನು ಕ್ಷಣದಲ್ಲಿ ಕೊಡುತ್ತದೆ. ಬೇಸಿಗೆಯಲ್ಲಿ ತಗ್ಗು ಎಷ್ಟು ಹೆಚ್ಚುತ್ತದೆ ಎಂಬ ಪ್ರಶ್ನೆ ಆ ಸಂಖ್ಯೆಯಿಂದ ಹುಟ್ಟುವುದಿಲ್ಲ. (8/3)ನ² ಎಂಬ ಪದವನ್ನು ನೋಡಿದ ಕಣ್ಣಿಗೆ ಹುಟ್ಟುತ್ತದೆ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಸುಮಾರು 0.000012 ಭಾಗದಷ್ಟು ಹಿಗ್ಗುತ್ತದೆ. ನಮ್ಮ ಊಹೆಯ ಹಗ್ಗ ಉಕ್ಕಿನದಾದರೆ 20 ಡಿಗ್ರಿಗೆ ಉದ್ದದಲ್ಲಿ ಹೆಚ್ಚುವುದು 5 ಸೆಂಟಿಮೀಟರಿಗಿಂತ ತುಸು ಕಡಿಮೆ. ಆದರೆ ಆ ಪದವನ್ನು ತಿರುಗಿಸಿ ಓದಿದರೆ ನಡುವಿನ ತಗ್ಗು ಹೆಚ್ಚುವುದು ಸುಮಾರು 18 ಸೆಂಟಿಮೀಟರ್. ಇನ್ನು ಅವಕಲನಗಳನ್ನು ತಾನಾಗಿ ಲೆಕ್ಕ ಹಾಕುವ ತಂತ್ರಾಂಶಗಳೂ ಹೆಚ್ಚಿನ ಘಾತಗಳಿಗೆ ಹೋಗುವಾಗ ಕತ್ತರಿಸಿದ ಶ್ರೇಣಿಗಳನ್ನೇ ಒಂದು ಫಲನದಿಂದ ಇನ್ನೊಂದಕ್ಕೆ ದಾಟಿಸುತ್ತವೆ, ಮೇಲೆ ಹೇಳಿದ ಸಹಗುಣಕಗಳ ತಂತ್ರವನ್ನೇ ಬಳಸುತ್ತವೆ.

ಈ ದಾರಿ ಯುರೋಪಿನಿಂದಲೇ ಬಂದದ್ದು ಎಂಬ ಭಾವನೆಯನ್ನೂ ತಿದ್ದಿಕೊಳ್ಳಬೇಕು. ಸಂಗಮಗ್ರಾಮದ ಮಾಧವನ ಪರಂಪರೆಯ ಜ್ಯೇಷ್ಠದೇವ 16ನೇ ಶತಮಾನದಲ್ಲಿ ಮಲಯಾಳದಲ್ಲಿ ಬರೆದ ‘ಯುಕ್ತಿಭಾಷಾ’ದಲ್ಲಿ ಪರಿಧಿಯ ಶ್ರೇಣಿಗೆ ಸಾಧನೆ ಇದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಅಲ್ಲಿ ಒಂದಕ್ಕೆ ಒಂದು ವರ್ಗವನ್ನು ಕೂಡಿಸಿ ಬಂದ ಛೇದದಿಂದ ಭಾಗಿಸಬೇಕಾಗುತ್ತದೆ. ಭಾಗಿಸುವ ಬದಲು ಮತ್ತೆ ಮತ್ತೆ ತಿದ್ದುಪಡಿ ಮಾಡುತ್ತ 1 − ಉ + ಉ² − … ಎಂದು ಬಿಡಿಸಿ, ಆಮೇಲೆ ಪದಪದವಾಗಿ ಕೂಡಿಸುತ್ತಾರೆ. ಒಳಗಿನ ವರ್ಗ ಸೊನ್ನೆಯಿಂದ ಹೊರಡುವುದರಿಂದಲೇ ಅದು ಸಾಧ್ಯವಾಯಿತು. ತೂಗುಸೇತುವೆಯ ಹಗ್ಗಕ್ಕೆ ನಾವು ಮಾಡಿದ್ದೂ ಇದೇ ಕೆಲಸ, ಭಾಗಾಕಾರದ ಜಾಗದಲ್ಲಿ ವರ್ಗಮೂಲ.

ಕೊನೆಯ ಆಕ್ಷೇಪ ತರಗತಿಯದು, ಅದನ್ನು ಹಗುರಾಗಿ ಕಾಣಬಾರದು. ಪ್ರಶ್ನೆಯಲ್ಲಿ ‘ಮೆಕ್ಲಾರಿನ್ ಪ್ರಮೇಯದಿಂದ’ ಎಂದಿದ್ದರೆ ಮೌಲ್ಯಮಾಪಕರು ಅವಕಲನಗಳ ಸಾಲನ್ನೇ ಹುಡುಕುತ್ತಾರೆ. ಬೇರೆ ದಾರಿ ಹಿಡಿದ ವಿದ್ಯಾರ್ಥಿಗೆ ಅಂಕ ಹೋದರೆ ಹೊಣೆ ಯಾರು? ಎರಡು ದಾರಿಯ ಉತ್ತರ ಒಂದೇ ಎಂಬುದು ಮೇಲೆ ಹೇಳಿದ ಏಕತೆಯ ಪ್ರಮೇಯದಿಂದ ಸಿದ್ಧ. ಆದ್ದರಿಂದ ‘ಒಳಗಿನದು ಸೊನ್ನೆಯಿಂದ ಹೊರಡುತ್ತದೆ, ಹೊರ ಶ್ರೇಣಿ ಅಲ್ಲಿ ಅಭಿಸರಿಸುತ್ತದೆ, ಆದ್ದರಿಂದ ಇದೇ ಮೆಕ್ಲಾರಿನ್ ಶ್ರೇಣಿ’ ಎಂದು ಒಂದು ಸಾಲು ಬರೆದ ಉತ್ತರಕ್ಕೆ ಪೂರ್ಣ ಅಂಕ ಸಲ್ಲಬೇಕು. ಪ್ರಶ್ನೆ ಕೇಳುವವರೂ ತುಸು ಬದಲಾಗಲಿ. ನಾಲ್ಕನೆಯ ಘಾತದವರೆಗೆ ವಿಸ್ತರಿಸಿ ಎಂದು ಕೇಳುವ ಬದಲು, 201 ಮೀಟರ್ ಅಂತರ, 10 ಮೀಟರ್ ತಗ್ಗು ಇರುವ ಹಗ್ಗದ ಉದ್ದ ಒಂದು ಮಿಲಿಮೀಟರಿನವರೆಗೆ ಸರಿಯಿರಬೇಕಾದರೆ ಎಷ್ಟು ಪದ ಬೇಕು, ತಗ್ಗು 60 ಮೀಟರ್ ಆದರೆ ಅದೇ ಶ್ರೇಣಿ ಏಕೆ ಕೈಕೊಡುತ್ತದೆ ಎಂದು ಕೇಳಲಿ. ಅದಕ್ಕೆ ಅವಕಲನದ ಸಾಲನ್ನು ಬಾಯಿಪಾಠ ಮಾಡಿ ಬಂದವನೂ ಒಳಗಿನ ಫಲನವನ್ನು ಒಮ್ಮೆ ನೋಡಲೇಬೇಕಾಗುತ್ತದೆ.